ಕ್ಷಾಂತಮಣಿ ಮರೆತ ಮಂತ್ರ

ಬಂಗಾಲಿ ಟೋಲಾ, ಕಾಶಿ
೧೭ ನವೆಂಬರ್ ೧೯೬೬

ಕಲ್ಯಾಣೀಯಾಸು ಛೋಟೊ ಬೌ,

ನಿನ್ನ ವಿಜಯದಶಮಿಯ ಪ್ರಣಾಮ ಕಾಳೀಪೂಜೆಯೂ ಕಳೆದ ಮೇಲೆ ಬಂದು ತಲುಪಿತು. ಅಂಚೆಯವರನ್ನು ಬೈಯುವುದು ಬೇಡ. ಮುದ್ರೆ ನೋಡಿದ್ದೇನೆ, ನೀನು ಹಾಕಿದ್ದೇ ತಡವಾಗಿ. ಅದೂ ಪೋಸ್ಟ್‌ಕಾರ್ಡು. ಮೇಲೆ ‘ಪ್ರೀತಿಯ ದೀದಿ’ ಎಂದು ಬರೆದಿದ್ದೀಯೆ. ಕಿರಿಯವಳು ಹಿರಿಯ ವಾರಗಿತ್ತಿಗೆ ಹೀಗೆ ಬರೆಯಬೇಕೆಂದು ನಿನ್ನ ಸೊಸೆ ಶಿಪ್ರಾ ಕಲಿಸಿದ್ದೇ? ಹಿರಿಯರಿಗೆ ‘ಶ್ರೀಚರಣೇಷು’, ಕಿರಿಯರಿಗೆ ‘ಕಲ್ಯಾಣೀಯಾಸು’. ಈ ಎರಡು ಮಾತುಗಳನ್ನು ನಮ್ಮ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂರಿಸಿ ನಿನಗೆ ಕಲಿಸಿದ್ದರು. ಕಾಲಿಗೆ ಬೀಳುವವಳು ಪ್ರೀತಿಯ ಸುದ್ದಿ ಎತ್ತಬೇಕಾಗಿಲ್ಲ, ಬಿದ್ದರೆ ಸಾಕು.

ಶಿಪ್ರಾ ಯಾವುದೋ ಸ್ವಾಮಿಯ ಧ್ಯಾನದ ತರಗತಿಗೆ ಹೋಗುತ್ತಾಳೆ, ಆತ ಸಭಾಭವನದಲ್ಲಿ ಮೈಕಿನ ಮುಂದೆ ನಿಂತು ಮಂತ್ರ ಕೊಡುತ್ತಾನೆ ಎಂದು ಬರೆದಿದ್ದೀಯೆ. ಬರೆಯುವಾಗ ನಿನಗೆ ನಾಚಿಕೆಯಾದಂತೆ ಕಾಣಲಿಲ್ಲ. ನಿಮ್ಮ ಕೃಷ್ಣನಗರದವರು ಮಣ್ಣಿನಲ್ಲಿ ಮಾವಿನಹಣ್ಣು ಮಾಡುತ್ತಾರೆ, ಕಾಗೆಯೂ ಮೋಸಹೋಗುತ್ತದೆ. ಮೈಕಿನ ಮಂತ್ರವೂ ಅದೇ ಜಾತಿ. ನೋಡಲು ಹಣ್ಣು, ಕಚ್ಚಿದರೆ ಹಲ್ಲು ಹೋಗುತ್ತದೆ. ಮಂತ್ರವೆಂದರೆ ಒಬ್ಬರ ಬಾಯಿಂದ ಒಬ್ಬರ ಕಿವಿಗೆ. ನಡುವೆ ಗಾಳಿಯೂ ಸುಳಿಯಬಾರದೆಂದು ತಲೆಯ ಮೇಲೆ ಶಾಲು ಹೊದಿಸುತ್ತಾರೆ. ನಿನಗೂ ಹೊದಿಸಿದ್ದರು, ಮರೆತಿದ್ದೀಯೋ ಏನೋ.

ನನಗೆ ದುರ್ಗಾಪೂಜೆಯ ಹೊತ್ತಿಗೆ ಜ್ವರ ಬಂದಿತ್ತು. ಈಗ ಇಲ್ಲ. ಅಕ್ಷರ ಓಡಾಡಿದಂತೆ ಕಂಡರೆ ಅದು ಲೇಖನಿಯ ದೋಷ.

ಈ ಮನೆಯಲ್ಲಿ ಒಂದು ಹಾಸ್ಯಾಸ್ಪದ ಸಂಗತಿ ನಡೆದಿದೆ. ಮೇಲಿನ ಕೋಣೆಯ ಕ್ಷಾಂತಮಣಿಗೂ ಅದೇ ಜ್ವರ ಹಿಡಿದಿತ್ತು. ಬಿಟ್ಟ ದಿನ ಬೆಳಿಗ್ಗೆ ಸ್ನಾನ ಮಾಡಿ, ಆಸನ ಹಾಸಿ, ಜಪಮಾಲೆ ಹಿಡಿದು ಕುಳಿತಳಂತೆ. ಮಂತ್ರ ಬರಲಿಲ್ಲ. ಕತ್ತಲಲ್ಲಿ ಇನ್ನೂ ಒಂದು ಮೆಟ್ಟಿಲಿದೆ ಎಂದು ಕಾಲಿಟ್ಟಾಗ ನೆಲ ಸಿಗುತ್ತದಲ್ಲ, ಹಾಗಾಯಿತಂತೆ. ಬೇರೆಲ್ಲ ನೆನಪಿದೆ. ಮದುವೆ ಸೀರೆಯ ಅಂಚು, ಮಾವನ ಶ್ರಾದ್ಧದ ತಿಥಿ, ಯಾವ ವಾರಗಿತ್ತಿ ಯಾವ ಹಬ್ಬದಲ್ಲಿ ತುಪ್ಪ ಕದ್ದಳು ಎಂಬುದು. ಅದೊಂದೇ ಇಲ್ಲ. ಕೊಟ್ಟ ಗುರು ತೀರಿಕೊಂಡಿದ್ದಾರೆ. ಮಂತ್ರವನ್ನು ಬರೆದಿಡುವಂತಿಲ್ಲ, ಇನ್ನೊಬ್ಬರಿಗೆ ಹೇಳುವಂತಿಲ್ಲ. ಆದ್ದರಿಂದ ಕೇಳೋಣವೆಂದರೂ ಯಾರೂ ಇಲ್ಲ. ದೀಕ್ಷೆಯಾದವಳು ಜಪವಾಗದೆ ಅನ್ನ ಮುಟ್ಟುವಂತಿಲ್ಲವೆಂದು ನಿನಗೂ ಗೊತ್ತು. ಹಣ್ಣಿಗೆ, ಹಾಲಿಗೆ, ಗಂಗೆಯ ನೀರಿಗೆ ದೋಷವಿಲ್ಲವೆಂದು ಅವಳು ಅಷ್ಟರಲ್ಲೇ ಇದ್ದಾಳೆ. ಯಾರಾದರೂ ಕೇಳಿದರೆ ವ್ರತ ಎನ್ನುತ್ತಾಳೆ.

ಇಂಥವಳಿಗೆ ಏನು ಹೇಳುತ್ತೀ? ನೀನೂ ದೀಕ್ಷೆಯಾದವಳು ಎಂದು ಕೇಳುತ್ತಿದ್ದೇನೆ. ಬುದ್ಧಿವಂತೆ ಎಂದಲ್ಲ.

ಆಶೀರ್ವಾದಗಳು.
ನಿಸ್ತಾರಿಣಿ ದೇವಿ


ಕೃಷ್ಣನಗರ
೨೮ ನವೆಂಬರ್ ೧೯೬೬

ಶ್ರೀಚರಣೇಷು ದೀದಿ,

ಮೇಲಿನ ಮಾತು ಈ ಸಲ ಸರಿಯಾಗಿದೆಯೆಂದು ನಂಬಿದ್ದೇನೆ. ಪೋಸ್ಟ್‌ಕಾರ್ಡೂ ಅಲ್ಲ, ಲಕೋಟೆ. ನಿಮ್ಮ ಪತ್ರ ಕಂಡ ಕೂಡಲೇ ನಿಮ್ಮ ಮೈದುನರು, “ಅತ್ತಿಗೆ ಕಾಗದ ಬಂತಾ? ಹಾಗಾದ್ರೆ ಇವತ್ತು ಸಾರಿಗೆ ಉಪ್ಪು ಹೆಚ್ಚು” ಅಂದರು. ಹೆಚ್ಚೇ ಆಗಿತ್ತು.

ಶಿಪ್ರಾಗೆ ಮಣ್ಣಿನ ಮಾವಿನಹಣ್ಣಿನ ಮಾತು ಓದಿ ಹೇಳಿದೆ. ಅವಳಿಗೇನೂ ನಾಟಲಿಲ್ಲ. “ಮಾ, ಎರಡು ಸಾವಿರ ಜನಕ್ಕೆ ಒಂದೇ ಸಲ ಕೊಟ್ಬಿಡ್ತಾರೆ. ನಿಮ್ಮ ಹಾಗೆ ಒಬ್ಬೊಬ್ಬರಿಗೂ ಶಾಲು ಹೊದಿಸ್ತಾ ಕೂತ್ರೆ ಕಲಿಯುಗ ಮುಗಿಯುತ್ತೆ” ಎಂದಳು. “ಮನೇಲಿ ಮರೆತುಹೋದ್ರೆ?” ಎಂದೆ. “ಪಕ್ಕದ ಮನೆಯವರನ್ನ ಕೇಳ್ತೀನಿ, ಅವರಿಗೂ ಅದೇ ಕೊಟ್ಟಿರೋದು.” ಇಂಥವಳಿಗೆ ಏನು ಹೇಳುವುದು? ಪಡಿತರದ ಸಕ್ಕರೆ ಮುಗಿದರೆ ಪಕ್ಕದ ಮನೆಗೆ ಬಟ್ಟಲು ಕಳಿಸಿದ ಹಾಗೆ.

ಆದರೆ ನಿಮ್ಮ ಕ್ಷಾಂತಮಣಿಯ ಮುಂದೆ ನನ್ನ ಸೊಸೆಯೇ ವಾಸಿ. ಇಷ್ಟು ವರ್ಷ ದಿನಾ ಉಂಡವಳು ಬಾಯಿ ಎಲ್ಲಿದೆಯೆಂದು ಮರೆಯುತ್ತಾಳೆಯೇ? ನೀವೇ ಹೇಳುತ್ತಿದ್ದಿರಿ: ಯಾರೂ ಮಂತ್ರ ಮರೆಯುವುದಿಲ್ಲ, ಮಂತ್ರವೇ ಅವರನ್ನು ಬಿಟ್ಟುಹೋಗುತ್ತದೆ, ಹಾಲಿಡದ ಮನೆಯನ್ನು ಬೆಕ್ಕು ಬಿಡುವ ಹಾಗೆ. ಅವಳು ಮಣಿ ಎಳೆಯುತ್ತ ಪಕ್ಕದ ಕೋಣೆಯ ಜಗಳಕ್ಕೆ ಕಿವಿ ಕೊಟ್ಟಿರಬೇಕು. ಲೆಕ್ಕಕ್ಕೆ ಜಪ, ಗಮನವೆಲ್ಲ ಗೋಡೆಯಾಚೆ. ಜ್ವರ ಒಂದು ನೆಪ. ಅವಳಿಗೆ ಹೇಳಿ, ಬಾಳೆಹಣ್ಣು ಸುಲಿಯುತ್ತ ಕಾಯಲಿ. ಯಮ ಬಂದಾಗ ಅವನನ್ನೇ ಕೇಳಲಿ, ಅವನ ಬಳಿ ಎಲ್ಲರದೂ ಇರುತ್ತದೆ.

ನಿಮ್ಮ ಹಾಗೆ ಬರೆಯಲು ನನಗೂ ಬಂತಲ್ಲವೇ?

ಶಾಲು ಮರೆತಿಲ್ಲ. ಗುರುದೇವರ ಬಾಯಲ್ಲಿ ಲವಂಗದ ವಾಸನೆ ಇತ್ತು. ಅವರು ಹೇಳಿದ್ದು ಕಿವಿಗೆ ಕಚಗುಳಿಯಾಗಿ ನಾನು ನಕ್ಕೆ. ನೀವು ನಿಮ್ಮ ಸರದಿ ಮುಗಿಸಿ ಹೊರಗೆ ಕುಳಿತಿದ್ದವರು ಶಾಲಿನ ಮೇಲಿನಿಂದಲೇ ನನ್ನ ತೊಡೆ ಚಿವುಟಿದಿರಿ. ಮಂತ್ರದ ಜೊತೆ ಅದೂ ಬಂತು. ಎರಡನ್ನೂ ಇಟ್ಟುಕೊಂಡಿದ್ದೇನೆ.

ಪ್ರಣತಾ
ಇಂದುಪ್ರಭಾ


ಕಾಶಿ
೮ ಡಿಸೆಂಬರ್ ೧೯೬೬

ಕಲ್ಯಾಣೀಯಾಸು,

ನಿನ್ನ ಪತ್ರವನ್ನು ಕ್ಷಾಂತಮಣಿಗೆ ಓದಿ ಹೇಳಿದೆ.

ನಿನಗೆ ಕೋಪ ಬರೆಯಲು ಬರುತ್ತದೆ, ಯೋಚಿಸಲು ಬರುವುದಿಲ್ಲ. ಅವಳು ಗೋಡೆಯಾಚೆ ಕೇಳುತ್ತಿರಲಿಲ್ಲ. ಅವಳನ್ನು ನಾನು ಬಲ್ಲೆ. ಮಂತ್ರ ಮೊದಲು ನಾಲಿಗೆಯ ಮೇಲಿರುತ್ತದೆ. ಸರಿಯಾಗಿ ಕುಳಿತವರಿಗೆ ಕೆಲವು ವರ್ಷಗಳಲ್ಲಿ ಉಸಿರಿಗೆ ಇಳಿಯುತ್ತದೆ. ಆಮೇಲೆ ತಾನಾಗಿ ನಡೆಯುತ್ತದೆ. ಸಾಸಿವೆ ಅರೆಯುವಾಗ ಕಲ್ಲಿನ ಸದ್ದಿನ ಕೆಳಗೆ ಇರುತ್ತದೆ, ಘಾಟಿನ ಮೆಟ್ಟಿಲು ಹತ್ತುವಾಗ ಏದುಸಿರಿನ ಜೊತೆ ಇರುತ್ತದೆ. ಬೆಳಿಗ್ಗೆ ಎದ್ದಾಗ ನೀನು ಶುರು ಮಾಡಬೇಕಾಗಿಲ್ಲ, ಅದು ಆಗಲೇ ಎದ್ದು ಕುಳಿತಿರುತ್ತದೆ. ತಾನಾಗಿ ಬರುವುದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಕೈಯಲ್ಲಿ ಹಿಡಿದದ್ದು ಬಿದ್ದರೆ ಸದ್ದಾಗುತ್ತದೆ. ಇದು ಸದ್ದಿಲ್ಲದೆ ಹೋಯಿತು. ಅದು ಹೋದ ಮೇಲೆ ತಲೆಯೊಳಗೆ ಏನು ತುಂಬುತ್ತದೆ ಗೊತ್ತೇ? ಬದನೆಕಾಯಿಯ ಬೆಲೆ. ಸತ್ತವರ ಜೊತೆಗಿನ ಜಗಳ. ಎಂದೋ ಹೇಳಬೇಕಾಗಿದ್ದ ಮೊಂಡು ಉತ್ತರಗಳು. ಇಷ್ಟು ಕಾಲ ಇದನ್ನೆಲ್ಲ ಅದೊಂದೇ ಬಾಗಿಲಲ್ಲಿ ನಿಂತು ತಡೆದಿತ್ತೆಂದು ಆಗ ತಿಳಿಯುತ್ತದೆ. ನಿನಗೆ ಇದು ಅರ್ಥವಾಗದು. ನಿನ್ನ ಮಂತ್ರ ಇನ್ನೂ ನಾಲಿಗೆಯ ತುದಿಯಲ್ಲಿರಬೇಕು, ಅದಕ್ಕೇ ಕಳೆದಿಲ್ಲ.

ನಮ್ಮ ಗುರುದೇವರ ಮಗ ವಿಷ್ಣುಪದ ಯಾತ್ರಿಕರನ್ನು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದ. ತಂದೆ ಹೋದ ಮೇಲೆ ಗುರುವಿನ ಪಟ್ಟ ಅವನದೇ ಅಲ್ಲವೇ. ಹೊಟ್ಟೆ ಮುಂದೆ, ಅವನು ಹಿಂದೆ. ಕ್ಷಾಂತಮಣಿಯ ಪರವಾಗಿ ನಾನೇ ಕೇಳಿದೆ.

“ಮರೆತ್ರಾ? ಅದಕ್ಕೇನಂತೆ ಮಾ, ಹೊಸದೊಂದು ಕೊಡ್ತೀನಿ. ಈಗಲೇ ಬೇಕಾ, ಸಂಜೆ ಬರಲಾ?”

“ನಿಮ್ಮಪ್ಪ ಯಾರಿಗೆ ಯಾವುದು ಕೊಟ್ಟಿದ್ರು ಅಂತ ನಿನಗೇನಾದ್ರೂ ಹೇಳಿದ್ರಾ?”

“ಅಪ್ಪ ಬೀಗದ ಕೈ ಎಲ್ಲಿಡ್ತಾರೆ ಅಂತಾನೇ ಹೇಳಲಿಲ್ಲ, ಮಂತ್ರ ಹೇಳ್ತಾರಾ? ಎಲ್ಲಾ ಒಂದೇ ಮಾ. ನದಿ ಬೇರೆ, ಸಮುದ್ರ ಒಂದೇ.”

“ಹಾಗಾದ್ರೆ ಸಂಜೆ ಯಾವ ಮನೆ ಬಾಗಿಲು ತೆರೆದಿದ್ರೂ ಒಳಗೆ ಹೋಗಿ ಮಲಗ್ತೀಯಾ? ಹೆಂಡತಿ ಬೇರೆ, ಮನೆ ಒಂದೇ ಅಂತ?”

ಅವನು ನಕ್ಕ. ಅವನಿಗೆ ಅವಮಾನವಾಗುವುದಿಲ್ಲ, ಅದೊಂದು ಸೌಕರ್ಯ. ಹೋಗುವಾಗ, “ನೀವೂ ತುಂಬಾ ಇಳಿದುಹೋಗಿದ್ದೀರಿ ಮಾ, ಸೀರೆ ಉಟ್ಟಿರೋದು ನೀವೋ ಗೂಟವೋ ಗೊತ್ತಾಗಲ್ಲ” ಎಂದ. ಇಲ್ಲಿ ಎಲ್ಲರಿಗೂ ಬೇರೆಯವರ ತೂಕದ್ದೇ ಚಿಂತೆ. ಮನೆಯ ಯಜಮಾನಿ ತನ್ನ ಅನ್ನಪೂರ್ಣೆಯ ನೈವೇದ್ಯಕ್ಕೆ ನನ್ನ ಬದಲು ಬೇರೆಯವಳನ್ನು ಕರೆದಿದ್ದಾಳೆ. ನನಗೆ ಕೈ ನಡುಗುತ್ತದೆ ಎಂದು ನಾನೇ ಹೇಳಿ ಬಿಟ್ಟದ್ದು. ಹೊಸಬಳು ಪಾಯಸದ ತಳ ಹಿಡಿಸುತ್ತಾಳೆ.

ಈಗ ನಿನಗೊಂದು ಪರೀಕ್ಷೆ. ನಿನಗೂ ನನಗೂ ಒಂದೇ ದಿನ, ಒಂದೇ ಬಾಯಿಂದ ದೀಕ್ಷೆಯಾಯಿತು. ಗುರುದೇವರು ಮನೆಯ ಸೊಸೆಯರಿಗೆಲ್ಲ ಒಂದೇ ಮಂತ್ರ ಕೊಡುತ್ತಿದ್ದರೆಂದು ನನ್ನ ಅನುಮಾನ. ನಿನಗೆ ಸರಿಯಾಗಿ ನೆನಪಿದೆಯೇ ನೋಡಬೇಕು. ಪೂರ್ತಿ ಬೇಡ. ಅಕ್ಷರ ಎಷ್ಟು, ಮೊದಲನೆಯದು ಯಾವುದು, ಅಷ್ಟನ್ನು ಬರೆ. ಲಕೋಟೆಯನ್ನು ಚೆನ್ನಾಗಿ ಅಂಟಿಸು. ಬೇಗ ಹಾಕು.

ನಿಸ್ತಾರಿಣಿ ದೇವಿ


ಕೃಷ್ಣನಗರ
೧೮ ಡಿಸೆಂಬರ್ ೧೯೬೬

ಶ್ರೀಚರಣೇಷು,

ಬರೆಯುವುದಿಲ್ಲ. ಮೊದಲ ಅಕ್ಷರವನ್ನೂ ಬರೆಯುವುದಿಲ್ಲ.

ನಿಮ್ಮ ಪರೀಕ್ಷೆಗಳು ಮುಗಿಯುವುದು ಯಾವಾಗ ದೀದಿ? ಮದುವೆಯಾಗಿ ಬಂದ ದಿನ ಬೇಳೆಯಲ್ಲಿ ಕಲ್ಲು ಬೆರೆಸಿ ಆರಿಸಲು ಕೊಟ್ಟಿರಿ. ಅಕ್ಕಿ ಬೆಂದಿದೆಯೇ ಎಂದು ನನ್ನಿಂದ ಹೇಳಿಸಿ, ಆಮೇಲೆ ಎಲ್ಲರೆದುರು ನೀವು ಒಂದು ಅಗುಳು ಹಿಚುಕಿ ನೋಡುತ್ತಿದ್ದಿರಿ. ನನಗೆ ಕಾರಣ ಗೊತ್ತು. ನೀವು ದೀಕ್ಷೆಗೆಂದು ವರ್ಷಗಟ್ಟಲೆ ಉಪವಾಸ ಮಾಡಿ ಕಾದಿದ್ದಿರಿ. ಗುರುದೇವರು ಕೊನೆಗೂ ಬಂದಾಗ, ಕೈಯ ಅರಿಶಿನವೂ ಹೋಗದ ಹದಿಮೂರು ವರ್ಷದ ನನಗೂ ಅದೇ ದಿನ ಕೊಟ್ಟುಬಿಟ್ಟರು. ಅದಕ್ಕೆ ನೀವು ಅವರನ್ನು ಕ್ಷಮಿಸಿದಿರಿ, ನನ್ನನ್ನಲ್ಲ.

ನನ್ನದು ನಾಲಿಗೆಯ ತುದಿಯಲ್ಲಿದೆ ಎಂದಿರಿ. ಇರಲಿ. ಅಲ್ಲಿಂದ ಬೀಳಿಸದೆ ಇಟ್ಟುಕೊಂಡಿದ್ದೇನೆ. ಯಾರಿಗೂ ಹೇಳಬಾರದು ಎಂಬ ನಿಯಮವನ್ನು ನನಗೆ ಚಿವುಟಿ ಕಲಿಸಿದವರು ನೀವು. ಈಗ ಲಕೋಟೆಯಲ್ಲಿ ಅಂಟಿಸಿ ಕಳಿಸು ಎನ್ನುತ್ತೀರಿ. ನಾನು ಕಳಿಸಿದ್ದರೆ ಮುಂದಿನ ಪತ್ರ ಹೇಗಿರುತ್ತಿತ್ತೆಂದು ಈಗಲೇ ಓದಿ ಹೇಳಬಲ್ಲೆ: ‘ನೋಡಿದೆಯಾ, ಕೇಳಿದ ಕೂಡಲೇ ಬಿಚ್ಚಿಬಿಟ್ಟೆ, ಮೈಕಿನ ಸೊಸೆಗೆ ತಕ್ಕ ಅತ್ತೆ.’

ಕ್ಷಾಂತಮಣಿಯ ಮೇಲೆ ನಿಮಗೆ ಇಷ್ಟು ಕರುಣೆ ಬಂದದ್ದು ಆಶ್ಚರ್ಯ. ನನ್ನ ಟೈಫಾಯ್ಡಿನಲ್ಲಿ ಇದರ ಕಾಲುಭಾಗ ಕಂಡಿದ್ದರೆ ಸಾಕಿತ್ತು.

ಇಂದುಪ್ರಭಾ


ಕೃಷ್ಣನಗರ
೧೯ ಡಿಸೆಂಬರ್ ೧೯೬೬

ದೀದಿ,

ನಿನ್ನೆಯ ಪತ್ರ ಅಂಚೆಗೆ ಹೋಗಿಬಿಟ್ಟಿದೆ. ಇಲ್ಲದಿದ್ದರೆ ಒಲೆಗೆ ಹಾಕುತ್ತಿದ್ದೆ.

ಪಕ್ಕದ ಬೀದಿಯವರು ಕಾಶಿಗೆ ಹೊರಟಿದ್ದಾರೆಂದು ಇವತ್ತು ನಿಮಗಾಗಿ ಸರಭಾಜಾ ಕಟ್ಟಿಸುತ್ತಿದ್ದೆ. ಕೋಪವಿದ್ದರೂ ಸಿಹಿ ಕಳಿಸಬೇಕಲ್ಲ. ಶಿಪ್ರಾಗೆ, “ಇನ್ನೆರಡು ಇಡು, ಕ್ಷಾಂತಮಣಿಗೂ ಇರಲಿ, ಹಣ್ಣೇ ತಿಂತಾ ಇದ್ದಾಳಂತೆ” ಎಂದೆ. ಹೇಳಿದ ಮೇಲೆ ಕೈ ನಿಂತಿತು. ನಮ್ಮ ಮಗ ಪಲ್ಟುವಿನ ಮದುವೆಯ ಸಿಹಿ ಕಳಿಸಿದಾಗಲೂ ಅವಳ ಪಾಲೆಂದು ಬೇರೆ ಕಟ್ಟಿದ್ದೆ. ನೀವು ಉತ್ತರ ಬರೆದಿದ್ದಿರಿ, ‘ಕ್ಷಾಂತಮಣಿ ಸಿಹಿ ಬರುವ ಮುಂಚೆಯೇ ಸತ್ತಳು, ಉಪ್ಪಿನಕಾಯಿ ಜಾಡಿಯ ಬೀಗದ ಕೈ ಸೆರಗಿನಲ್ಲೇ ಇತ್ತು’ ಎಂದು. ಅದನ್ನು ಓದಿ ನಾವೆಲ್ಲ ನಕ್ಕಿದ್ದೆವು. ನಿಮಗೆ ಬೇರೆ ಹೆಸರು ಸಿಗಲಿಲ್ಲವೇ?

ನಿಮ್ಮ ಮೈದುನರಿಗೆ ಹೇಳಿದೆ. ಅವರು ತಮಾಷೆ ಎಂದುಕೊಂಡು, “ಅತ್ತಿಗೆ ಸತ್ತವರಿಂದಾನೂ ಉಪವಾಸ ಮಾಡಿಸ್ತಾರಾ?” ಎಂದರು.

ನೀವು ಅನ್ನ ಉಂಡು ಎಷ್ಟು ಕಾಲವಾಯಿತು? ದುರ್ಗಾಪೂಜೆಯ ಜ್ವರದಿಂದಲೇ? ಬಾಳೆಹಣ್ಣು ಸುಲಿಯುತ್ತ ಕಾಯಲಿ ಎಂದು ನಾನು ಬರೆದದ್ದನ್ನು ನೀವು ಯಾರಿಗೂ ಓದಿ ಹೇಳಿರಲಿಲ್ಲ. ನೀವೊಬ್ಬರೇ ಓದಿಕೊಂಡಿರಿ.

ನಾನು ಬರುತ್ತೇನೆ. ಕಾಗದದ ಮೇಲೆ ಅದನ್ನು ಬರೆಯಲಾರೆ. ನಾನು ಬರೆದರೂ ನೀವು ಅದನ್ನು ಮಂತ್ರವೆಂದು ಒಪ್ಪುವುದಿಲ್ಲ. ಕಿವಿಗೇ ಹೇಳಬೇಕು. ಹಾಗೆ ಸುಮ್ಮನೆ ವಾರಗಿತ್ತಿ ವಾರಗಿತ್ತಿಗೆ ಹೇಳುವಂತಿಲ್ಲ, ದೀಕ್ಷೆಯಾಗಿಯೇ ಕೊಡಬೇಕು. ಹೆಂಗಸೂ ಕೊಡಬಹುದೆಂದು ಅತ್ತೆಯವರು ಹೇಳುತ್ತಿದ್ದರು. ಅಂದರೆ ನಾನು ಎತ್ತರದ ಆಸನದಲ್ಲಿ, ನೀವು ನೆಲದಲ್ಲಿ. ನೀವು ನನ್ನ ಕಾಲು ತೊಳೆದು ನಮಸ್ಕಾರ ಮಾಡಬೇಕು. ಇದನ್ನು ಬರೆಯುವಾಗ ನನ್ನ ಅಕ್ಷರವೂ ಓಡಾಡುತ್ತಿದೆ. ಲೇಖನಿಯ ದೋಷವಲ್ಲ.

ನನ್ನದು ನಿಮ್ಮದೇ ಹೌದೋ ಅಲ್ಲವೋ ತಿಳಿಯದು. ಹೌದೆಂದು ನೀವೇ ಅನುಮಾನಿಸಿದ್ದೀರಿ. ನಿಮ್ಮ ಅನುಮಾನ ತಪ್ಪಿದ್ದು ನಾನು ಕಂಡಿಲ್ಲ.

ಇಂದು


ಕಾಶಿ
೨೭ ಡಿಸೆಂಬರ್ ೧೯೬೬

ಕಲ್ಯಾಣೀಯಾಸು,

ಎರಡು ಪತ್ರಗಳೂ ಒಂದೇ ದಿನ ಬಂದವು. ಮೊದಲನೆಯದೇ ಚೆನ್ನಾಗಿತ್ತು.

ಬರಬೇಡ. ನಿನ್ನ ಕಾಲು ನಾನು ತೊಳೆಯಬೇಕೇ? ನಿನಗೆ ಮೊದಲ ಸಲ ಸೀರೆ ಉಡಿಸಿದವಳು ನಾನು. ನಿನ್ನ ತಲೆಯ ಹೇನು ತೆಗೆದವಳು ನಾನು. ನಿನಗೆ ಅನ್ನ ಬಸಿಯಲು ಬರುತ್ತಿರಲಿಲ್ಲ, ಗಂಜಿಯ ಜೊತೆ ಅರ್ಧ ಅಗುಳು ಮೋರಿಗೆ ಹೋಗುತ್ತಿತ್ತು. ದುರ್ಗಾಸ್ತುತಿಯ ಮೂರನೆಯ ಸಾಲಿನಲ್ಲಿ ನೀನು ಇವತ್ತಿಗೂ ಎಡವುತ್ತಿರಬೇಕು. ಜಪಕ್ಕೆ ಕುಳಿತರೆ ತೂಗಾಡುತ್ತಿದ್ದೆ, ಅತ್ತೆ ಅದನ್ನು ಭಕ್ತಿ ಎಂದುಕೊಂಡಿದ್ದರು. ನಿದ್ದೆ ಎಂದು ನನಗೆ ಗೊತ್ತಿತ್ತು. ಅಂಥವಳು ಎತ್ತರದಲ್ಲಿ ಕುಳಿತು ನನ್ನ ಕಿವಿಗೆ ಬಾಗುತ್ತಾಳಂತೆ. ಖಾಲಿ ಮಾಲೆ ಹಿಡಿದುಕೊಂಡೇ ಮಣಿಕರ್ಣಿಕೆಗೆ ಹೋಗುತ್ತೇನೆ. ಅಲ್ಲಿ ಹೊರುವವರು ಮಂತ್ರ ಗೊತ್ತೇ ಎಂದು ಕೇಳುವುದಿಲ್ಲ.

ನಾನು ಯಾರ ಹೆಸರು ಹಾಕಿದರೆ ನಿನಗೇನು? ಕ್ಷಾಂತಮಣಿ ಬದುಕಿದ್ದಾಗ ಯಾರಿಗೂ ಏನೂ ಕೊಡಲಿಲ್ಲ. ಸತ್ತ ಮೇಲಾದರೂ ಹೆಸರು ಕೊಡಲಿ ಎಂದುಕೊಂಡೆ.

ಮಕರ ಸಂಕ್ರಾಂತಿಗೆ ಗಂಗಾಸ್ನಾನಕ್ಕೆಂದು ಬಂಗಾಳದಿಂದ ಸಾವಿರ ಜನ ಬರುತ್ತಾರೆ. ಅದರಲ್ಲಿ ನೀನೂ ಒಬ್ಬಳಾಗಿ ಬಂದರೆ ತಡೆಯಲು ಗಂಗೆ ನನ್ನ ಅಪ್ಪನ ಆಸ್ತಿಯಲ್ಲ. ಬರುವವರು ಬರಿಗೈಯಲ್ಲಿ ಬರಬಾರದು. ಗೋಬಿಂದಭೋಗ ಅಕ್ಕಿ ತಾ, ಹಳೆಯದು, ಹೊಸ ಅಕ್ಕಿ ಮುದ್ದೆಯಾಗುತ್ತದೆ. ಇಲ್ಲಿ ಸಿಗುವ ಅಕ್ಕಿಯನ್ನು ಹಕ್ಕಿಗೆ ಹಾಕಬಹುದು. ಖರ್ಜೂರದ ಹೊಸ ಬೆಲ್ಲವೂ ಇರಲಿ.

ರೈಲಿನಲ್ಲಿ ಯಾರಾದರೂ ಏನಾದರೂ ಕೊಟ್ಟರೆ ತಿನ್ನಬೇಡ.

ನಿಸ್ತಾರಿಣಿ ದೇವಿ


ಕೃಷ್ಣನಗರ
೨೫ ಜನವರಿ ೧೯೬೭

ಶ್ರೀಚರಣೇಷು ದೀದಿ,

ಕ್ಷೇಮವಾಗಿ ತಲುಪಿದೆ. ಮೇಲೆ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಶಾಸ್ತ್ರದಂತೆ ಈಗ ನಾನು ನಿಮಗೆ ‘ಕಲ್ಯಾಣೀಯಾಸು’ ಎಂದು ಬರೆಯಬೇಕು. ಬರೆಯಲು ಕೈ ಬರಲಿಲ್ಲ. ನೀವು ಬೈಯದಿದ್ದರೆ ಹಳೆಯದೇ ಇರಲಿ.

ಮನೆಯಲ್ಲಿ ಎಲ್ಲರೂ ಕೇಳಿದರು. ಶಿಪ್ರಾಗೆ ಬಾಗಿಲು ತೆರೆದ ಕೂಡಲೇ ನೀವು ಹೇಳಿದ್ದನ್ನು ಹೇಳಿ ತೋರಿಸಿದೆ: “ಬಂದ್ಯಾ? ಚಪ್ಪಲಿ ಹೊರಗೆ. ಅಕ್ಕಿ ಹಳೇದು ತಾನೆ?” ಅವಳು ನಕ್ಕಳು. ಗೋಡೆ ಹಿಡಿದುಕೊಂಡು ನಿಂತಿದ್ದಿರಿ ಎಂಬುದನ್ನು ಅವಳಿಗೆ ಹೇಳಲಿಲ್ಲ. ನಿಮ್ಮ ಮುಖ ನೋಡಿ ನಾನು ರೈಲಿನಲ್ಲಿ ಕಲಿತುಕೊಂಡು ಬಂದ ಮಾತುಗಳೆಲ್ಲ ಹೋದವು.

ಒಂದು ವಿಷಯ ಅಲ್ಲಿ ಬಾಯಿಬಿಟ್ಟು ಹೇಳಲಾಗಲಿಲ್ಲ. ದಾರಿಯುದ್ದಕ್ಕೂ ನನಗೆ ಹೆದರಿಕೆಯಿತ್ತು. ಬೇರೆ ಮಂತ್ರವಾಗಿದ್ದರೆ? ನಿಮ್ಮನ್ನು ನೆಲದಲ್ಲಿ ಕೂರಿಸಿ, ಕಾಲು ತೊಳೆಸಿಕೊಂಡು, ಕೊನೆಗೆ ಕೊಟ್ಟದ್ದು ಬೇರೆಯವರ ಮನೆಯ ಬೀಗದ ಕೈ ಎಂದಾದರೆ? ಶಾಲಿನೊಳಗೆ ಬಾಗಿದಾಗ ಓಡಿಹೋಗೋಣವೆನ್ನಿಸಿತು. ಹೇಗೋ ಹೇಳಿದೆ. ಹೇಳಿದ ಕೂಡಲೇ ನಿಮ್ಮ ಭುಜ ಅಲುಗಿತು. ನೀವು ಅಳುತ್ತಿದ್ದಿರಿ. ಮಾವನವರು ಹೋದಾಗಲೂ ಭಾವನವರು ಹೋದಾಗಲೂ ಅಳದಿದ್ದವರು. ಆಗ ನನಗೆ ಗೊತ್ತಾಯಿತು, ಒಂದೇ ಎಂದು. ಇಷ್ಟು ವರ್ಷ ನಾವು ಜಗಳವಾಡಿ ಎರಡು ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಒಂದೇ ಮಾತನ್ನು ಹೇಳುತ್ತಿದ್ದೆವಲ್ಲ ದೀದಿ.

ಆ ಮಧ್ಯಾಹ್ನ ನೀವು ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದನ್ನು ನಿಮ್ಮ ಮೈದುನರಿಗೆ ಮೂರು ಸಲ ಹೇಳಿದ್ದೇನೆ.

ಪ್ರಣತಾ
ಇಂದು


ಕಾಶಿ
೩ ಫೆಬ್ರವರಿ ೧೯೬೭

ಶ್ರೀಚರಣಕಮಲೇಷು,

ಗಾಬರಿಯಾಗಬೇಡ. ಮೊದಲ ಸಾಲು ಗುರುವಿಗೆ ಸೇರಿದ್ದು, ಇನ್ನು ಮುಂದೆ ಯಾವಾಗಲೂ ಹಾಗೇ ಇರುತ್ತದೆ. ಅದರ ಕೆಳಗಿನದೆಲ್ಲ ನಿನಗೆ.

ನಿನ್ನ ಹಿಮ್ಮಡಿಗಳ ಬಗ್ಗೆ ಮೊದಲು ಹೇಳುತ್ತೇನೆ. ಬೇಸಿಗೆಯ ಕೆರೆಯಂಗಳದಂತೆ ಬಿರಿದಿವೆ. ತೊಳೆಯುವಾಗ ನನ್ನ ಅಂಗೈ ಗೀರಿತು. ಸಾಸಿವೆ ಎಣ್ಣೆ ಹಚ್ಚಿ ಮಲಗು. ನಾಳೆ ಇನ್ನೊಬ್ಬಳು ಬಂದು ತೊಳೆಯಬೇಕಾದರೆ ನನಗೆ ಮರ್ಯಾದೆಯ ಪ್ರಶ್ನೆ. ಆಸನದ ಮೇಲೆ ನೀನು ಕುಳಿತದ್ದು ಬಸ್ಸಿನಲ್ಲಿ ಕುಳಿತ ಹಾಗಿತ್ತು. ಶಾಲನ್ನು ತಿರುಗುಮುರುಗು ಹೊದಿಸಿದೆ.

ಈಗ ಇನ್ನೊಂದು ಮಾತು. ಒಂದೇ ಅಲ್ಲ.

ನೀನು ಹೇಳಿದ ಕೂಡಲೇ, ಅದು ಇನ್ನೂ ಪೂರ್ತಿಯಾಗುವ ಮುಂಚೆಯೇ, ನನ್ನೊಳಗೆ ಯಾರೋ ‘ಛೆ, ಇದಲ್ಲ’ ಎಂದರು. ನೀನು ಕಡಿಮೆ ಉಪ್ಪಿನ ಪಲ್ಯ ತಂದಿಟ್ಟಾಗ ಹೇಳುತ್ತಿದ್ದೆನಲ್ಲ, ಅದೇ ದನಿ. ಆ ದನಿಯ ಹಿಂದೆಯೇ ನನ್ನದು ಬಂದು ನಿಂತಿತ್ತು. ಇಡಿಯಾಗಿ, ಎಲ್ಲೂ ಹೋಗಿರದವರ ಹಾಗೆ. ಇಷ್ಟು ತಿಂಗಳು ನಾನು ಬೇಡಿದರೂ ಗೋಗರೆದರೂ ಬಾರದ್ದು, ನಿನ್ನದನ್ನು ಕೇಳಿ ಮೂಗು ಮುರಿಯಲು ಎದ್ದುಬಂತು. ಸವತಿಯ ದನಿ ಕೇಳಿ ಹಟ್ಟಿಯಿಂದ ಓಡಿಬಂದ ಹಿರಿಯ ಹೆಂಡತಿಯ ಹಾಗೆ. ನನ್ನ ಭುಜ ಅಲುಗಿದ್ದು ನಿಜ. ಅದು ಅಳುವಲ್ಲ, ನಗು. ಅಳುವೂ ಸ್ವಲ್ಪ ಇತ್ತು, ಅದನ್ನು ನೀನು ನೋಡುತ್ತೀಯೆಂದು ನಗುತ್ತಿದ್ದೆ.

ಅಲ್ಲೇ ಹೇಳಬಹುದಿತ್ತು. ನಿನ್ನ ಮುಖ ನೋಡಿದೆ. ಜಾತ್ರೆಯ ಮಧ್ಯೆ ದಾರಿ ತಪ್ಪಿದ ಹುಡುಗಿ ಮನೆ ಕಂಡಾಗ ಮಾಡುವ ಮುಖ ಅದು. ಮೇಲಾಗಿ ಹಸಿವಾಗಿತ್ತು.

ಈಗ ಹೇಳುತ್ತಿರುವುದೇಕೆಂದರೆ, ಒಂದೇ ಮಾತನ್ನು ಎರಡು ಕೋಣೆಗಳಲ್ಲಿ ಹೇಳುತ್ತಿದ್ದೆವೆಂದು ನೀನು ಊರೆಲ್ಲ ಸಾರಿಬಿಟ್ಟೀಯ. ಗುರುದೇವರು ಹಾಗೆ ಒಂದೇ ಅಚ್ಚಿನಲ್ಲಿ ಒತ್ತುವವರಾಗಿರಲಿಲ್ಲ. ನನ್ನ ಅನುಮಾನ ತಪ್ಪಾಗಿತ್ತು, ಇದನ್ನು ಕಂಡೆಯಲ್ಲ, ಸಮಾಧಾನ ಮಾಡಿಕೋ.

ನನ್ನದು ಸಿಕ್ಕಿದ ಮೇಲೆ ನಿನ್ನದನ್ನು ಏನು ಮಾಡಿದೆ ಎಂದು ಕೇಳಬೇಡ. ಕಾಲು ತೊಳೆದು ಪಡೆದದ್ದನ್ನು ಗಂಗೆಗೆ ಎಸೆಯುವಂತಿಲ್ಲ, ನಾನು ವಿಷ್ಣುಪದನಲ್ಲ. ಬೆಳಿಗ್ಗೆ ಮೊದಲ ಮಾಲೆ ನಿನ್ನದಕ್ಕೆ. ಆಮೇಲೆ ನನ್ನದು. ನನ್ನದು ಈ ಏರ್ಪಾಟಿಗೆ ಮುಖ ಊದಿಸಿಕೊಂಡಿದೆ, ಆದರೆ ಹೋಗಿಲ್ಲ. ಎರಡನೆಯವಳಾಗಿ ನಿಲ್ಲುವುದು ಅದಕ್ಕೂ ಸ್ವಲ್ಪ ಅಭ್ಯಾಸವಾಗಲಿ. ನಿನ್ನದು ಗಿಡ್ಡ, ಹದಿಮೂರರ ಹುಡುಗಿಗೆ ಅಳತೆ ನೋಡಿ ಕೊಟ್ಟದ್ದು. ಚಳಿಯಲ್ಲಿ ಉಸಿರು ಚಿಕ್ಕದಾದಾಗ ಸರಿಯಾಗಿ ಕೂಡುತ್ತದೆ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡ. ಅದನ್ನು ಹೇಳುವಾಗ ಪ್ರತಿ ಸಲವೂ ಲವಂಗದ ವಾಸನೆ ಬರುತ್ತದೆ. ನನಗೆ ಕೊಟ್ಟಾಗ ಗುರುದೇವರು ಏಲಕ್ಕಿ ಜಗಿಯುತ್ತಿದ್ದರು.

ಅನ್ನಪೂರ್ಣೆಯ ನೈವೇದ್ಯ ಮತ್ತೆ ನನ್ನ ಕೈಗೆ ಬಂದಿದೆ. ಪಾಯಸದ ತಳ ಹಿಡಿಯುವುದಿಲ್ಲ. ಅಕ್ಕಿ ಮುಗಿಯುತ್ತ ಬಂತು. ಚೈತ್ರದೊಳಗೆ ತಂದು ಹಾಕು, ಇಲ್ಲವಾದರೆ ಇಲ್ಲಿಯ ಹಕ್ಕಿ ಕಾಳು ಬೇಯಿಸಿ ನೈವೇದ್ಯಕ್ಕಿಡಬೇಕಾಗುತ್ತದೆ. ಬಂದಾಗ ಆಸನದಲ್ಲಿ ನೆಟ್ಟಗೆ ಕುಳಿತುಕೊಳ್ಳುವುದನ್ನು ಕಲಿಸುತ್ತೇನೆ.

ಕೊನೆಯ ಸಾಲೂ ಗುರುವಿಗೆ ಸೇರಿದ್ದು.

ಪ್ರಣತಾ
ನಿಸ್ತಾರಿಣಿ